ನಿಮ್ಮ ಕುದುರೆ ಮೊಂಡಲ್ಲ, ಕಲಿಸುತ್ತಿರುವ ಜಾಗ ಮತ್ತು ಹೊತ್ತು ಸರಿಯಿಲ್ಲ

ನಾಲ್ಕು ವರ್ಷದ ಹೆಣ್ಣು ಕುದುರೆ ವಿಪರೀತ ಅಂಜುತ್ತದೆ, ತಿಂಗಳಾದರೂ ಗಾಡಿ ಹತ್ತುವುದನ್ನು ಕಲಿತಿಲ್ಲ, ಚಾಟಿ ಹಿಡಿಯಬೇಕೇ, ಬೆಲ್ಲ ಕೊಟ್ಟು ಪುಸಲಾಯಿಸಬೇಕೇ, ಇಲ್ಲವೇ ಮಾರಿ ಸಾಧು ಸ್ವಭಾವದ ಇನ್ನೊಂದನ್ನು ತರಬೇಕೇ ಎಂದು ಕೇಳಿದ್ದೀರಿ. ಅದರ ನಡುವೆ, ಅಕ್ಕಿ ಗಿರಣಿಯ ಪಕ್ಕದ ಅಂಗಳದಲ್ಲಿ ದಿನವೂ ಸಂಜೆ ಅಭ್ಯಾಸ ಮಾಡಿಸುತ್ತೇನೆ ಎಂದು ಒಂದು ಸಾಲು ಬರೆದಿದ್ದೀರಿ. ಆ ಸಾಲಿಗೆ ಬಂದಾಗ ನನಗೆ ಮುಂದೆ ಓದಲಾಗಲಿಲ್ಲ. ಹನ್ನೊಂದು ವರ್ಷಗಳ ಹಿಂದೆ ಮೂಡಿಗೆರೆ ತಾಲ್ಲೂಕಿನ ನಮ್ಮ ತೋಟದಲ್ಲಿ ನಾನು ಮಾಡಿದ್ದೂ ಅದನ್ನೇ.

ನನ್ನ ಗೌರಿ ಮಾರವಾಡಿ ಮಿಶ್ರ ತಳಿಯದು. ಕಿವಿಗಳ ತುದಿ ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವಂತಿದ್ದವು. ಎಲೆ ಅಲುಗಿದರೂ ತಲೆ ಎತ್ತುವ ಕುದುರೆ ಅದು. ಆದರೆ ಬೆಳಗಿನ ಹೊತ್ತು ಸಿಲ್ವರ್ ಓಕ್ ಸಾಲಿನ ಕೆಳಗೆ ಹಗ್ಗ ಹಿಡಿದು ನಡೆಸಿದಾಗ, ನಾನು ನಿಂತಲ್ಲಿ ನಿಲ್ಲುವುದನ್ನೂ ಎದೆಗೆ ಬೆರಳು ತಾಗಿಸಿದೊಡನೆ ಹಿಂದಕ್ಕೆ ಸರಿಯುವುದನ್ನೂ ಎರಡೇ ದಿನಗಳಲ್ಲಿ ಕಲಿತುಬಿಟ್ಟಿತ್ತು. ನಮ್ಮಲ್ಲಿದ್ದ ಹಳೆಯ ಗಂಡು ಕುದುರೆ ಅಷ್ಟನ್ನೇ ಕಲಿಯಲು ಎರಡು ವಾರ ತೆಗೆದುಕೊಂಡಿತ್ತು. ಅಂಜುವ ಕುದುರೆ ದಡ್ಡ ಕುದುರೆಯಲ್ಲ ಎಂಬುದಕ್ಕೆ ಸಾಕ್ಷಿ ನನ್ನ ಕಣ್ಣೆದುರಿಗೇ ಇತ್ತು.

ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾದ ಮೇಲೆ ನನಗೆ ಬೆಳಗಿನ ಬಿಡುವು ತಪ್ಪಿತು. ಸಂಜೆ ಹಣ್ಣು ಅಳೆದು ಮುಗಿದ ಮೇಲಷ್ಟೇ ಕೈ ಖಾಲಿಯಾಗುತ್ತಿತ್ತು, ಮತ್ತು ಸರಿಯಾಗಿ ಆಗಲೇ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಓಡಲು ತೊಡಗುತ್ತಿತ್ತು. ಕಾಫಿ ಕಣದ ಅಂಚಿಗೆ ಪಿಕಪ್ ನಿಲ್ಲಿಸಿ, ಹಿಂಬದಿಗೆ ಹಲಗೆ ಇಳಿಜಾರಾಗಿ ಇಟ್ಟು, ಗೌರಿಯನ್ನು ಹತ್ತಿಸಲು ಆರಂಭಿಸಿದೆ. ಗದ್ದಲಕ್ಕೂ ಹೊಂದಿಕೊಳ್ಳಲಿ, ಗಾಡಿಯನ್ನೂ ಕಲಿಯಲಿ, ಎರಡೂ ಒಟ್ಟಿಗೇ ಆಗಲಿ ಎಂಬುದು ನನ್ನ ಲೆಕ್ಕ.

ಈ ಲೆಕ್ಕ ಎಲ್ಲಿ ತಪ್ಪಿತು ಎಂಬುದನ್ನು ಬಿಡಿಸಿ ಹೇಳಲೇಬೇಕು. ಹಗ್ಗದಿಂದ ಕಲಿಸುವ ಕ್ರಮವೆಂದರೆ ಹಗ್ಗ ಬಿಗಿಯಾಗುತ್ತದೆ, ಕುದುರೆ ಒಂದು ಹೆಜ್ಜೆ ಮುಂದಿಡುತ್ತದೆ, ಆ ಕ್ಷಣವೇ ಹಗ್ಗ ಸಡಿಲವಾಗುತ್ತದೆ. ಆ ಸಡಿಲವೇ ಅದಕ್ಕೆ ಸಿಗುವ ಉತ್ತರ. ಈ ಉತ್ತರ ತಲುಪಬೇಕಾದರೆ ಕುದುರೆಯ ಗಮನ ಹಗ್ಗದ ಮೇಲಿರಬೇಕು. ಪಲ್ಪರ್ ಗುಡುಗುತ್ತಿದ್ದಾಗ, ಟಾರ್ಪಾಲು ಗಾಳಿಗೆ ಪಟಪಟ ಬಡಿಯುತ್ತಿದ್ದಾಗ, ಗೌರಿಗೆ ನನ್ನ ಹಗ್ಗ ಹತ್ತು ಗಾಬರಿಗಳಲ್ಲಿ ಒಂದಾಗಿತ್ತು ಅಷ್ಟೇ. ಅದು ಶಬ್ದಕ್ಕೆ ಬೆಚ್ಚಿ ಹಿಂದಕ್ಕೆ ಜಗ್ಗಿದಾಗ ನನ್ನ ಕೈಯಿಂದ ಹಗ್ಗ ಜಾರುತ್ತಿತ್ತು. ಎಂದರೆ ಹಿಂದೆ ಸರಿದರೆ ಬಿಡುಗಡೆ ಎಂದು ನಾನೇ ಕಲಿಸಿದಂತಾಯಿತು. ಹಲಗೆಯ ಮೇಲೆ ಕಾಲಿಟ್ಟಾಗಲೆಲ್ಲ ಗದ್ದಲವಿದ್ದದ್ದರಿಂದ ಗಾಡಿ ಮತ್ತು ಭಯ ಅದರ ನೆನಪಿನಲ್ಲಿ ಬೆಸೆದುಹೋದವು. ಅದು ಕಲಿಯಲಿಲ್ಲ ಎಂದುಕೊಂಡೆ. ಅದು ದಿನವೂ ಕಲಿಯುತ್ತಿತ್ತು, ನಾನು ಕಲಿಸಬಾರದ್ದನ್ನು.

ಒಂದು ಸಂಜೆ ಅಂಗೈಯಲ್ಲಿ ಬೆಲ್ಲ ಹಿಡಿದೆ. ಬೆಲ್ಲಕ್ಕೆ ಪ್ರಾಣ ಬಿಡುವ ಕುದುರೆ ಚೂರನ್ನು ತುಟಿಯಲ್ಲಿ ತೆಗೆದುಕೊಂಡಿತು, ಆದರೆ ಅಗಿಯಲಿಲ್ಲ. ದವಡೆ ಕಲ್ಲಿನಂತೆ ನಿಂತಿತ್ತು, ಮೂಗಿನ ಹೊಳ್ಳೆಗಳು ಬಿಗಿದಿದ್ದವು, ಕಣ್ಣಿನ ಅಂಚಿನಲ್ಲಿ ಬಿಳಿ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಜೊಲ್ಲಿನಲ್ಲಿ ನೆನೆದ ಆ ಚೂರು ಹಲಗೆಯ ಮೇಲೆ ಬಿತ್ತು. ಲಾಯ ನೋಡಿಕೊಳ್ಳುತ್ತಿದ್ದ ಹಿರಿಯರು, "ಗೌಡ್ರೇ, ಇವತ್ತಿಗೆ ಬಿಡಿ. ಅದರ ಜೀವ ಇಲ್ಲಿಲ್ಲ, ಪಲ್ಪರ್ ಮನೇಲಿದೆ" ಎಂದರು. ನಾನು ಅವರ ಮಾತು ಕೇಳದೆ ಚಾಟಿ ತರಿಸಿದೆ.

ಫೆಬ್ರವರಿಯ ಒಂದು ರಾತ್ರಿ ಗೌರಿಗೆ ಹೊಟ್ಟೆಶೂಲೆ ಬಂತು. ಕುದುರೆಗೆ ವಾಂತಿ ಮಾಡಲು ಸಾಧ್ಯವಿಲ್ಲ. ಹೊಟ್ಟೆಯಲ್ಲಿ ಕಟ್ಟಿಕೊಂಡರೆ ಪ್ರಾಣಕ್ಕೇ ಸಂಚಕಾರ. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44 ಇರಬೇಕು, ಊರಿನ ವೈದ್ಯರು ಎಣಿಸಿದಾಗ 80 ದಾಟಿತ್ತು. ನೋವಿಗೆ ಔಷಧ ಕೊಟ್ಟು, ತಡಮಾಡದೆ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಸಾಗಿಸಿ ಎಂದರು. ಪಿಕಪ್ ಬಂತು. ಹಲಗೆ ಕಂಡೊಡನೆ ಗೌರಿ ನಾಲ್ಕೂ ಕಾಲು ಊರಿ ನಿಂತಿತು. ಆ ರಾತ್ರಿ ಪಲ್ಪರ್ ಓಡುತ್ತಿರಲಿಲ್ಲ, ತೋಟವೆಲ್ಲ ನಿಶ್ಶಬ್ದವಾಗಿತ್ತು, ಆದರೂ ಅದು ಹತ್ತಲಿಲ್ಲ. ಆರು ಜನ ಸೇರಿ ಎರಡು ಗಂಟೆ ಹೆಣಗಿದೆವು. ಬೆಳಕು ಹರಿಯುವ ಮೊದಲು ಹಲಗೆಯ ಪಕ್ಕದಲ್ಲೇ ಅದು ಸತ್ತಿತು. ಹಾಸನ ತಲುಪಿದ್ದರೂ ಉಳಿಯುತ್ತಿತ್ತೆಂದು ಖಂಡಿತವಾಗಿ ಹೇಳಲಾಗದು ಎಂದು ವೈದ್ಯರು ಸಮಾಧಾನ ಹೇಳಿದರು. ಆ ಸಾಧ್ಯತೆಯನ್ನೇ ನಾನು ಅದರಿಂದ ಕಿತ್ತುಕೊಂಡಿದ್ದೆ.

ಹಾಗಾಗಿ ಚಾಟಿಯೋ ಬೆಲ್ಲವೋ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಫ್ರಾನ್ಸಿನ ಮತಿಲ್ಡ್ ವಾಲೆಂಶಾಂ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಆಮೇಲೆ ಓದಿದೆ. 60 ಕುದುರೆಗಳನ್ನು 15ರಂತೆ ನಾಲ್ಕು ಗುಂಪು ಮಾಡಿ, ಸಂಕೇತ ನೋಡಿ ಎರಡು ಅಂಕಣಗಳಲ್ಲಿ ಒಂದಕ್ಕೆ ಹೋಗುವುದನ್ನು ಅವರು ಕಲಿಸಿದರು. ಕೆಲವಕ್ಕೆ ಬಹುಮಾನ ಕೊಟ್ಟು, ಕೆಲವಕ್ಕೆ ಕಿರಿಕಿರಿಯೊಂದನ್ನು ಕೊಟ್ಟು, ಸರಿಯಾಗಿ ಮಾಡಿದೊಡನೆ ಅದನ್ನು ತೆಗೆದು ಕಲಿಸಿದರು. ಹೊರಗಿನ ಗಾಬರಿ ಇಲ್ಲದಿದ್ದಾಗ ಎರಡೂ ಕ್ರಮಗಳು ಸಮಸಮವಾಗಿದ್ದವು. ಹಠಾತ್ತಾದ, ಪಾಠಕ್ಕೆ ಸಂಬಂಧಪಡದ ಬೆದರಿಕೆಗಳು ಸೇರಿದಾಗ ಕಲಿಕೆ ಕುಂದಿತು. ಕಿರಿಕಿರಿ ತೆಗೆಯುವ ಕ್ರಮದಲ್ಲಿ ಅತಿ ಅಂಜುವ ಕುದುರೆಗಳೇ ಶಾಂತ ವಾತಾವರಣದಲ್ಲಿ ಎಲ್ಲಕ್ಕಿಂತ ಮುಂದೆ, ಗಾಬರಿಯಲ್ಲಿ ಎಲ್ಲಕ್ಕಿಂತ ಹಿಂದೆ ಇದ್ದಂತೆ ಕಂಡಿತು. ಬಹುಮಾನದ ಕ್ರಮದಲ್ಲಿ ಅವು ಎರಡೂ ಕಡೆ ಹಿಂದೆಯೇ ಉಳಿದವು. ಬೆಲ್ಲ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರ ಮಾತು ನಿಮ್ಮದರಂಥ ಅಂಜುವ ಕುದುರೆಗೆ ಸಾಲದು. ಚಾಟಿಯಂತೂ ಇನ್ನೊಂದು ಗಾಬರಿ.

ಮಾರುವ ಯೋಚನೆಯನ್ನು ಸದ್ಯಕ್ಕೆ ಬಿಡಿ. ಗಿರಣಿಯ ಅಂಗಳದಿಂದ ಪಾಠವನ್ನು ಎತ್ತಿ, ಅದು ದಿನವೂ ಮೇಯುವ ಜಾಗಕ್ಕೆ ಒಯ್ಯಿರಿ. ಕಣ್ಣಳತೆಯಲ್ಲಿ ಜೊತೆಗಾರ ಕುದುರೆಯೊಂದು ಇರಲಿ. ಗದ್ದಲದ ಅಭ್ಯಾಸ ಬೇಕೇ ಬೇಕು, ಆದರೆ ಅದನ್ನು ಬೇರೆ ದಿನ, ದೂರದಿಂದ, ಹೊಸದೇನನ್ನೂ ಕೇಳದೆ ಮಾಡಿಸಿ. ನೀವೇ ಉದ್ವಿಗ್ನರಾಗಿದ್ದ ದಿನ ಹಗ್ಗ ಮುಟ್ಟಬೇಡಿ. ಸ್ವೀಡನ್ನಿನಲ್ಲಿ ಸಂಶೋಧಕರು ಕುದುರೆ ನಡೆಸುವವರಿಗೆ ಈ ಸಲ ಅದರೆದುರು ಕೊಡೆ ಬಿಚ್ಚುತ್ತೇವೆ ಎಂದು ಹೇಳಿ, ಬಿಚ್ಚದೇ ಇದ್ದು ನೋಡಿದಾಗ, ಅವರ ಎದೆಬಡಿತದ ಜೊತೆಗೆ ಏನೂ ಅರಿಯದ ಕುದುರೆಯ ಎದೆಬಡಿತವೂ ಏರಿತ್ತು.

ನನ್ನ ಈಗಿನ ಕುದುರೆಯೂ ಪುಕ್ಕಲೇ. ಹಲಗೆಯನ್ನು ಮೊದಲು ನೆಲದ ಮೇಲಿಟ್ಟು ಒಂದು ವಾರ ಬರೀ ದಾಟಿಸಿದೆ, ದಿನಕ್ಕೆ ಹತ್ತು ನಿಮಿಷ ಮಾತ್ರ. ಎರಡು ಕಿವಿಗಳಲ್ಲಿ ಒಂದಾದರೂ ನನ್ನ ಕಡೆ ತಿರುಗಿ, ತಲೆ ತಗ್ಗಿ, ಬಾಯಿ ಆಡುವವರೆಗೆ ಮುಂದಿನ ಹೆಜ್ಜೆ ಕೇಳಲಿಲ್ಲ. ನಾಳೆ ಬೆಳಿಗ್ಗೆ ನೀವೂ ಹಗ್ಗ ಎಳೆಯುವ ಮೊದಲು ನಿಮ್ಮ ಕುದುರೆಯ ಕಿವಿ ಯಾವ ಕಡೆಗಿದೆ ಎಂದು ನೋಡಿ, ಇಲ್ಲಿ ಬಂದು ತಿಳಿಸಿ.