ಸಲೈನ್ ಹಾಕಿದರೂ ಬಿಪಿ ಏರುತ್ತಿಲ್ಲ, ಮೈ ಊದುತ್ತಿದೆ: ಉತ್ತರ

ಹೆಚ್ಚಾಗಿ ಇದಕ್ಕೆ ಕಾರಣ ರಕ್ತನಾಳಗಳು ಸಡಿಲಾಗಿ ಸೋರುತ್ತಿರುವುದು. ಗದ್ದೆ ಕೆಲಸದ ನಂತರ ಬಂದ ಇಲಿಜ್ವರ ಸೆಪ್ಸಿಸ್‌ಗೆ (ಸೋಂಕಿಗೆ ದೇಹ ಅತಿಯಾಗಿ ಪ್ರತಿಕ್ರಿಯಿಸಿ ಅಂಗಗಳಿಗೇ ಪೆಟ್ಟು ಬೀಳುವ ಸ್ಥಿತಿ) ತಿರುಗಿದೆ, ಸಲೈನ್ ಹೋದರೂ ಅಮ್ಮನ ಬಿಪಿ ಏರುತ್ತಿಲ್ಲ, ಮೈ ಮಾತ್ರ ಊದಿದೆ ಅಂದಿದ್ದೀರಿ ಅಲ್ವಾ. ಸೆಪ್ಸಿಸ್‌ನಲ್ಲಿ ನಾಳದ ಒಳಪದರಕ್ಕೇ ಪೆಟ್ಟು ಬೀಳುತ್ತದೆ. ನಾಳವನ್ನು ಸಡಿಲಿಸಲು ದೇಹವೇ ತಯಾರಿಸುವ ನೈಟ್ರಿಕ್ ಆಕ್ಸೈಡ್ ಜಾಸ್ತಿಯಾಗಿ ನಾಳ ಅಗಲವಾಗುತ್ತದೆ, ಬಿಪಿ ಬೀಳುತ್ತದೆ. ಒಳಪದರದ ಸಂದಿಯಿಂದ ನೀರು ಜಿನುಗಿ ಕೈಕಾಲಿನಲ್ಲಿ ನಿಲ್ಲುತ್ತದೆ. ಕಿಡ್ನಿಗೂ ರಕ್ತ ಸಾಲುವುದಿಲ್ಲ. ಇಲಿಜ್ವರವೂ ನೇರವಾಗಿ ಕಿಡ್ನಿಗೆ ಹೊಡೆಯುವುದುಂಟು, ಹಾಗಾಗಿ ಯಾವುದರ ಪಾಲು ಎಷ್ಟು ಅಂತ ದೂರದಿಂದ ಹೇಳಲಿಕ್ಕಾಗುವುದಿಲ್ಲ.

ಡಾಕ್ಟರು ರೌಂಡ್ಸಿಗೆ ಬಂದಾಗ ಮೊದಲು ನಾರ್‌ಅಡ್ರಿನಲಿನ್ ಡೋಸ್ ಏರುತ್ತಿದೆಯಾ, ಇಳಿಯುತ್ತಿದೆಯಾ ಕೇಳಿ. ಅದು ನಾಳವನ್ನು ಬಿಗಿ ಮಾಡುವ ಔಷಧ. ಸಾಮಾನ್ಯವಾಗಿ ಸರಾಸರಿ ಬಿಪಿ (ಮೇಲಿನ, ಕೆಳಗಿನ ಬಿಪಿ ಎರಡರಿಂದ ಲೆಕ್ಕ ಹಾಕುವ ಅಂಕೆ) 65ರ ಮೇಲೆ ನಿಲ್ಲಿಸಲು ಕೊಡುತ್ತಾರೆ. ಇಳಿಯುತ್ತಿದ್ದರೆ ಒಳ್ಳೆಯ ಲಕ್ಷಣ. ಆಮೇಲೆ ಲ್ಯಾಕ್ಟೇಟ್ (ಅಂಗಗಳಿಗೆ ಆಮ್ಲಜನಕ ಸಾಲದಾಗ ರಕ್ತದಲ್ಲಿ ಏರುವ ವಸ್ತು) ಎಷ್ಟು, ಮೂತ್ರ ಎಷ್ಟು ಹೋಗುತ್ತಿದೆ ಅಂತ ಕೇಳಿ. ಒಳಗೆ ಬಿಟ್ಟರೆ, ರಕ್ತ ಸರಿಯಾಗಿ ಹರಿಯುತ್ತಿದೆಯಾ ನೋಡಲು ನರ್ಸ್ ಒಪ್ಪಿಗೆ ಪಡೆದು ಅಮ್ಮನ ಬೆರಳ ತುದಿಯನ್ನು 10 ಸೆಕೆಂಡ್ ಒತ್ತಿ ಬಿಡಿ. ಬಿಳಚಿದ ಜಾಗಕ್ಕೆ ಬಣ್ಣ ಮರಳಲು 3 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕೂಡಲೇ ತಿಳಿಸಿ. ಊತ ನೋಡಿ ಸಲೈನ್ ನಿಲ್ಲಿಸಿ ಅಂತ ದಯವಿಟ್ಟು ಹಠ ಹಿಡಿಯಬೇಡಿ. ಅದನ್ನು ಡಾಕ್ಟರೇ ತೂಗಿ ನೋಡಬೇಕು.

ಅಲ್ಲಿ ಡಯಾಲಿಸಿಸ್ ಇಲ್ಲದಿದ್ದರೆ, ಮಣಿಪಾಲಕ್ಕೋ ಮಂಗಳೂರಿಗೋ ಕಳಿಸಬೇಕಾ ಅಂತ ಇವತ್ತೇ ಕೇಳಿ.