ಯೇನಾಕ್ಕೆ ಹೊರಟ ತಮ್ಮನಿಗೆ

ತಮ್ಮಾ,

ಜರ್ಮನಿಯ ಯೇನಾದಲ್ಲಿ ಪಿಎಚ್‌ಡಿ ಸಿಕ್ಕಿತು, ಜೀವಕೋಶದೊಳಗೆ ಹೊಳೆಯುವ ಕಾರ್ಬನ್ ಡಾಟ್ (ಕೆಲವೇ ನ್ಯಾನೊಮೀಟರಿನ ಇಂಗಾಲದ ಕಣ) ಮಾಡಬೇಕು, ಚಳಿ ಹೇಗೆ, ಏನೇನು ತರಲಿ, ಮೊದಲ ವರ್ಷವೇ ಊರಿಗೆ ಹೋಗಿಬರಬಹುದಾ ಅಂತ ಕೇಳಿದ್ದೀಯ. ಜಾಕೆಟ್ ಇಲ್ಲೇ ತಗೋ. ಕುಕ್ಕರ್, ಮಿಡಿ ಉಪ್ಪಿನಕಾಯಿ ತಾ. ಭಾನುವಾರ ಅಂಗಡಿ ಬಾಗಿಲು, ಶನಿವಾರವೇ ಹಾಲು ತಂದಿಟ್ಟುಕೋ. ಉಳಿದದ್ದು ತಾನಾಗೇ ಅಭ್ಯಾಸ ಆಗುತ್ತೆ.

ವಿಷಯ ಒಳ್ಳೆಯದೇ. 2023ರಲ್ಲಿ ನೊಬೆಲ್ ತಂದುಕೊಟ್ಟ, ಇಂಥವೇ ಹೊಳೆಯುವ ಕಣಗಳಾದ ಕ್ವಾಂಟಮ್ ಡಾಟ್‌ಗಳಲ್ಲಿ ಎಷ್ಟೋ ಕ್ಯಾಡ್ಮಿಯಂ ಎಂಬ ವಿಷಲೋಹದವು, ಮೈಯೊಳಗೆ ಬಿಡಲು ಹೆದರಿಕೆ. ಕಾರ್ಬನ್‌ಗೆ ಆ ತಾಪತ್ರಯ ಇಲ್ಲ. ಕಣ ಸುಮಾರು 5.5 ನ್ಯಾನೊಮೀಟರಿಗಿಂತ ಸಣ್ಣದಿದ್ದರೆ ಮೂತ್ರಪಿಂಡವೇ ಸೋಸಿ ಹೊರಗೆ ಹಾಕುತ್ತೆ.

ಬಂದ ಮೊದಲ ಚಳಿಗಾಲ ನಾನೂ ಸಿಟ್ರಿಕ್ ಆಸಿಡ್, ಎಥಿಲೀನ್ ಡೈಅಮೀನ್ ಸೇರಿಸಿ 200 ಡಿಗ್ರಿಯಲ್ಲಿ 5 ಗಂಟೆ ಬೇಯಿಸಿದೆ. ಜೋನಿಬೆಲ್ಲ ಕದಡಿದಂಥ ನೀರು. ಯುವಿ ದೀಪ ಹಿಡಿದರೆ ಕಣ್ಣು ಕುಕ್ಕುವ ನೀಲಿ. ಕೋಶಕ್ಕೆ ಹಾಕಿದೆ, ಸಾಯಲಿಲ್ಲ, ಹೊಳೆದವು. ಅವತ್ತೇ ರಾತ್ರಿ ಅಪ್ಪಯ್ಯನಿಗೆ ಫೋನು.

"ಡಯಾಲಿಸಿಸ್ ಸರಿಯಾಗಿ ಆಗಿದೆಯಾ?" ಅಂತ ಗೈಡ್ ಕೇಳಿದರು. (ಸಣ್ಣ ತೂತಿನ ಚೀಲದಲ್ಲಿ ಕಟ್ಟಿ ನೀರಲ್ಲಿ ಮುಳುಗಿಸಿಡೋದು. ಕಣ ಒಳಗೇ ಉಳಿದು, ಪುಟ್ಟ ಅಣುಗಳು ಹೊರಗಿನ ನೀರಿಗೆ ಹೋಗುತ್ತವೆ.) ಆಗಿದೆ ಅಂದೆ. ಆಗಿದ್ದು ಒಂದೇ ರಾತ್ರಿ. ದೊಡ್ಡವರ ಎದುರು ಇಲ್ಲ ಅನ್ನೋದು ನಮಗೆಲ್ಲಿ ಬರುತ್ತೆ, ನಿನಗೆ ಹೇಳಬೇಕಾ. ಪೇಪರ್ ಗಡಿಬಿಡಿಯಲ್ಲಿ ಮೇ ತಿಂಗಳ ತಂಗಿ ಮದುವೆಗೂ ಹೋಗಲಿಲ್ಲ. ಅರಳು ಹಾಕಲು ಚಿಕ್ಕಪ್ಪನ ಮಗ ನಿಂತ.

ಜೂನ್‌ನಲ್ಲಿ ಯಾಕೋ ಅನುಮಾನ ಬಂದು ಚೀಲ ಮತ್ತೆ ಕಟ್ಟಿ, ನೀರು ಬದಲಿಸುತ್ತ ಮೂರು ದಿನ ಕಾದೆ. ಚೀಲದೊಳಗೆ ಮಂಕು. ಎತ್ತಿಟ್ಟಿದ್ದ, ಚೀಲದ ಹೊರಗಿನ ಮೊದಲ ಬೀಕರಿನ ನೀರು ಮಾತ್ರ ನೀಲಿ ನೀಲಿ. ಅಷ್ಟು ದಿನ ಹೊಳೆದದ್ದು ಕಣವಲ್ಲ, ಬೇಯುವಾಗ ಜೊತೆಗೇ ಹುಟ್ಟಿದ ಪುಟ್ಟ ಅಣು. ಪೇಪರ್ ಅಲ್ಲಿಗೇ ನಿಂತಿತು.

ಇಲ್ಲಿ ಮೈಕ್ರೋಸ್ಕೋಪಿನ ಮಿತಿ ಲೆಕ್ಕ ಹಾಕಿದ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆಯ ಸ್ಮಾರಕ ಇದೆ. (ನಮ್ಮ ಮನೆಮಾತಲ್ಲಿ ಅಬ್ಬೆ ಅಂದರೆ ಅಮ್ಮ, ಹೆಸರು ಓದಿ ಮೊದಲ ದಿನ ನಗು ಬಂದಿತ್ತು.) 1873ರ ಅವನ ಲೆಕ್ಕದ ಸೂತ್ರ ಅದರ ಮೇಲೇ ಕೆತ್ತಿದ್ದಾರೆ. ಆ ಲೆಕ್ಕದಲ್ಲಿ, ಮಾಮೂಲಿ ಬೆಳಕಿನ ಮೈಕ್ರೋಸ್ಕೋಪಿಗೆ ಸುಮಾರು 200 ನ್ಯಾನೊಮೀಟರಿಗಿಂತ ಸಣ್ಣ ವಿವರ ಬಿಡಿಸಿ ಕಾಣಲ್ಲ. ನಿನ್ನ ಕಣದ ಬೆಳಕು ಕಾಣುತ್ತೆ, ಕಣವಲ್ಲ. ಅದಕ್ಕೇ ಚೀಲದ ಹೊರಗಿನ ನೀರು ಚೆಲ್ಲಬೇಡ, ಅಳೆ. ಏನೂ ಹಾಕದ ಕೋಶವನ್ನೂ ಅದೇ ದೀಪದಲ್ಲಿ ನೋಡು. ಅವೂ ತಮ್ಮಷ್ಟಕ್ಕೆ ಸ್ವಲ್ಪ ಹೊಳೆಯುತ್ತವೆ.

ಊರಿಗೆ ಹೋಗೋದು ಕೇಳಿದೆಯಲ್ಲ. ಮನೆಯಲ್ಲಿ ಮದುವೆ ಇದ್ದರೆ ಟಿಕೆಟ್ ಈಗಲೇ ಮಾಡಿಸು. ಚೀಲದ ನೀರು ಬದಲಿಸಲು ನಾನಿದ್ದೇನೆ.