ಓದುಗರ ಪ್ರಶ್ನೆ: ಒಸಾಕಾದ ಕರೆಂಟು ಟೋಕಿಯೊಗೆ ಏಕೆ ಸಾಲಲಿಲ್ಲ?

ಪ್ರಶ್ನೆ: 2011ರ ಸುನಾಮಿ, ಫುಕುಶಿಮಾ ಅಣುದುರಂತದ ನಂತರ ಟೋಕಿಯೊ ಸುತ್ತಮುತ್ತ ಲೋಡ್ ಶೆಡ್ಡಿಂಗ್ ಮಾಡಿದರಂತೆ. ಪಶ್ಚಿಮ ಜಪಾನಿನಿಂದ ಕರೆಂಟು ತರಿಸಿಕೊಳ್ಳಬಹುದಿತ್ತಲ್ಲವೇ?
– ಓದುಗರೊಬ್ಬರು, ರಾಯಚೂರು

ಉತ್ತರ: ತರಿಸಿಕೊಂಡರು, ಸಾಲಲಿಲ್ಲ. ಜಪಾನಿನ ಪೂರ್ವಭಾಗದ ವಿದ್ಯುತ್ 50 ಹರ್ಟ್ಸ್ (ಸೆಕೆಂಡಿಗೆ 50 ಆವರ್ತ), ಪಶ್ಚಿಮದ್ದು 60. 1890ರ ದಶಕದಲ್ಲಿ ಟೋಕಿಯೊ ಜರ್ಮನ್ ಜನರೇಟರ್ ಕೊಂಡಿತು, ಒಸಾಕಾ ಅಮೆರಿಕದ್ದು. ಆ ಖರೀದಿಯ ಫಲ ಇದು. ಇಂಥ ಎರಡು ಗ್ರಿಡ್‌ಗಳನ್ನು ನೇರ ತಂತಿಯಿಂದ ಬೆಸೆಯಲಾಗದು. ದಿಕ್ಕು ಬದಲಿಸುತ್ತ ಹರಿಯುವ ಎಸಿ ವಿದ್ಯುತ್ತನ್ನು ಒಂದೇ ದಿಕ್ಕಿನ ಡಿಸಿ ಮಾಡಿ, ಮತ್ತೆ ಬೇರೆ ಹರ್ಟ್ಸ್‌ನ ಎಸಿ ಮಾಡುವ ಕೇಂದ್ರ ನಡುವೆ ಬೇಕು. ಆಗ ಇದ್ದವು ಮೂರೇ: ಶಿನ್-ಶಿನಾನೊ 600, ಸಕುಮಾ 300, ಹಿಗಾಶಿ-ಶಿಮಿಜು 100 ಮೆಗಾವ್ಯಾಟ್. ಒಟ್ಟು 1,000. ಫುಕುಶಿಮಾ ದೈಇಚಿ ಸ್ಥಾವರ ಒಂದರ ಸಾಮರ್ಥ್ಯವೇ ಸುಮಾರು 4,700 ಮೆಗಾವ್ಯಾಟ್. ಜೊತೆಗೆ ಕರಾವಳಿಯ ಶಾಖೋತ್ಪನ್ನ ಘಟಕಗಳೂ ಕೆಟ್ಟು ನಿಂತಿದ್ದವು. ಪರಿವರ್ತನಾ ಸಾಮರ್ಥ್ಯ 2,100 ಮೆಗಾವ್ಯಾಟ್‌ಗೆ ಏರಿದ್ದು 2021ರಲ್ಲಿ. ಹತ್ತು ವರ್ಷ ನಿಧಾನವೆನ್ನದೆ ವಿಧಿಯಿಲ್ಲ.

ನಮ್ಮಲ್ಲಿ ದೇಶವಿಡೀ 50 ಹರ್ಟ್ಸ್. ಆದರೂ ದಕ್ಷಿಣದ ಗ್ರಿಡ್ ಉಳಿದ ದೇಶದೊಂದಿಗೆ ಒಂದೇ ಲಯದಲ್ಲಿ ಸೇರಿದ್ದು 2013ರ ಡಿಸೆಂಬರ್ 31ರಂದು, ನಿಮ್ಮದೇ ರಾಯಚೂರು–ಸೋಲಾಪುರ 765 ಕೆವಿ ಮಾರ್ಗದಿಂದ. ಅಲ್ಲಿಯವರೆಗೆ ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬರುವಂಥ ಡಿಸಿ ಕೊಂಡಿಗಳೇ ಆಧಾರ.

ಪ್ರಶ್ನೆ: 2011ರ ಆ ಬೇಸಿಗೆಯಲ್ಲಿ ಜಪಾನಿನ ಕಾರ್ಖಾನೆಗಳು ಶೇ 15ರಷ್ಟು ವಿದ್ಯುತ್ ಉಳಿಸಿದವಂತೆ. ಉತ್ಪಾದನೆಗೆ ಪೆಟ್ಟು ಬೀಳಲಿಲ್ಲವೇ?
– ಓದುಗರೊಬ್ಬರು, ತುಮಕೂರು

ಉತ್ತರ: ಆ ಶೇ 15 ತಿಂಗಳ ಯೂನಿಟ್ ಲೆಕ್ಕವಲ್ಲ, ಗರಿಷ್ಠ ಬೇಡಿಕೆಯ, ಅಂದರೆ ಕಿಲೋವ್ಯಾಟ್ ಲೆಕ್ಕ. ಟೋಕಿಯೊ ಮತ್ತು ಈಶಾನ್ಯದ ತೊಹೊಕು ಪ್ರದೇಶಗಳಲ್ಲಿ 500 ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚಿನ ಒಪ್ಪಂದವಿದ್ದವರು ಜುಲೈ 1ರಿಂದ ಕೆಲಸದ ದಿನ ಬೆಳಗ್ಗೆ 9ರಿಂದ ರಾತ್ರಿ 8ರವರೆಗೆ ಹಿಂದಿನ ಬೇಸಿಗೆಗಿಂತ ಅಷ್ಟು ಕಡಿಮೆ ಎಳೆಯಬೇಕಿತ್ತು. ಬೇಕೆಂದೇ ಮೀರಿದರೆ 10 ಲಕ್ಷ ಯೆನ್‌ವರೆಗೆ ದಂಡ. ಕಾರು ಕಂಪನಿಗಳು ಗುರುವಾರ, ಶುಕ್ರವಾರ ರಜೆ ಕೊಟ್ಟು ಶನಿವಾರ, ಭಾನುವಾರ ದುಡಿಸಿದವು. ಈ ಅದಲುಬದಲಿನಿಂದ ಯೂನಿಟ್ ಹೆಚ್ಚೇನೂ ಉಳಿಯಲಿಲ್ಲ, ಆದರೆ ವಾರದ ನಡುವಿನ ಪೀಕ್ ತಗ್ಗಿತು. ತೊಂದರೆಯಾದದ್ದು ಮಕ್ಕಳಿರುವ ಕಾರ್ಮಿಕರಿಗೆ: ಭಾನುವಾರ ಶಿಶುವಿಹಾರ ತೆರೆದಿರುತ್ತದೆಯೇ?

ಪ್ರಶ್ನೆ: ಜಪಾನಿನಲ್ಲಿ ಸೌರಶಕ್ತಿಗೆ ಯೂನಿಟ್‌ಗೆ 42 ಯೆನ್ ಕೊಟ್ಟರೂ ಯೋಜನೆಗಳು ತಡವಾದದ್ದೇಕೆ?
– ಓದುಗರೊಬ್ಬರು, ಪಾವಗಡ

ಉತ್ತರ: 2012ರ ಜುಲೈನಲ್ಲಿ ಬಂದ ಆ ದರ ಅನುಮೋದನೆ ಪಡೆದಾಗಲೇ ಖಾತ್ರಿಯಾಗುತ್ತಿತ್ತು, ಕಟ್ಟಿ ಮುಗಿಸಲು ಗಡುವಿರಲಿಲ್ಲ. ಹಲವರು ಕಾಗದ ಮಾಡಿಸಿಕೊಂಡು, ಪ್ಯಾನಲ್ ಬೆಲೆ ಇಳಿಯಲೆಂದು ಕಾದು ಕುಳಿತರು. ಇತ್ತ ಅರ್ಜಿಗಳ ರಾಶಿ ಗ್ರಿಡ್ ತಾಳುವುದಕ್ಕಿಂತ ಹೆಚ್ಚಾಗಿ, 2014ರ ಸೆಪ್ಟೆಂಬರ್‌ನಲ್ಲಿ ನೈಋತ್ಯದ ಕ್ಯೂಶು ದ್ವೀಪದ ವಿದ್ಯುತ್ ಕಂಪನಿ ಹೊಸ ಸಂಪರ್ಕದ ಅರ್ಜಿಗಳಿಗೆ ಉತ್ತರಿಸುವುದನ್ನೇ ತಡೆಹಿಡಿಯಿತು. ಕಟ್ಟದೇ ಬಿಟ್ಟವರ ಅನುಮೋದನೆ ರದ್ದುಮಾಡುವ ನಿಯಮ ಆಮೇಲೆ ಬಂತು.